ಪಾಲು ತಿದ್ದಿದ ಮೇಲೆ ಏಳದ ಗಣಕಯಂತ್ರ

ಭೂಮಿಯನ್ನು ಅಳೆದು, ಎಲ್ಲೆಕಲ್ಲು ನೆಟ್ಟು, ಪಾಲುಮಾಡಿ, ಆ ಪಾಲಿನ ವಿವರವನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ನಮ್ಮ ದೇಶದಲ್ಲಿ ಬಹು ಹಳೆಯದು. ಕರ್ನಾಟಕದಲ್ಲಿ ಆ ಬರಹಕ್ಕೆ ಪಹಣಿಯೆಂದು ಹೆಸರು. ನಾವು ವಾಸಿಸುವ ಮಹಾರಾಷ್ಟ್ರದಲ್ಲಿ ಅದನ್ನು ಸಾತ್-ಬಾರಾ ಎನ್ನುವರು. ಗ್ರಾಮಲೆಕ್ಕದ ಏಳನೆಯ ಹಾಗೂ ಹನ್ನೆರಡನೆಯ ನಮೂನೆಗಳು ಒಂದೇ ಹಾಳೆಯಲ್ಲಿ ಕೂಡಿಬರುವುದರಿಂದ ಈ ಹೆಸರು ಬಂದಿತು. ಹೊಲವೆಂಬುದು ಒಂದು, ಹೊಲದ ಬರಹವೆಂಬುದು ಇನ್ನೊಂದು. ಬರಹ ತಪ್ಪಿದ ಮಾತ್ರಕ್ಕೆ ಹೊಲವು ಎದ್ದುಹೋಗುವುದಿಲ್ಲ. ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಆಧಾರ ಮಾತ್ರ ಇಲ್ಲವಾಗುತ್ತದೆ. ಗಣಕಯಂತ್ರದ ಹಾರ್ಡ್ ಡಿಸ್ಕಿನ ಪಾಲುಗಳ ವಿಷಯದಲ್ಲಿಯೂ ಸಂಗತಿ ಬಹುಮಟ್ಟಿಗೆ ಹೀಗೆಯೇ ಇದೆ. ಪಾಲನ್ನು ಹಿಗ್ಗಿಸಲು ಅಥವಾ ಕುಗ್ಗಿಸಲು ಹೋಗಿ ಯಂತ್ರವು ಏಳದೆ ಕಪ್ಪು ತೆರೆಯನ್ನು ತೋರಿಸಿದಾಗ ಮನೆಯವರೆಲ್ಲ ‘ಎಲ್ಲವೂ ಹೋಯಿತು’ ಎಂದು ತಲೆಯ ಮೇಲೆ ಕೈಹೊತ್ತು ಕೂಡುವುದುಂಟು. ಅಂತಹ ಹೊತ್ತಿನಲ್ಲಿ ಏನು ನಡೆದಿರುತ್ತದೆ, ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದನ್ನು ತಯಾರಿಸಿದವರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಆದಕಾರಣ ಡೊಂಬಿವಲಿ, ಕಲ್ಯಾಣ, ಠಾಣೆಗಳ ಮನೆಗಳಲ್ಲಿ ಅಣ್ಣನೋ ಅಕ್ಕನೋ ಹಳೆಯ ಯಂತ್ರದ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಡಿಸಿ ಪಕ್ಕದಲ್ಲಿಯೇ ಲಿನಕ್ಸ್ ಇಳಿಸಿಕೊಳ್ಳಲು ಯತ್ನಿಸುವುದು ಹೆಚ್ಚುತ್ತಿದೆ. ಯತ್ನ ಒಳ್ಳೆಯದೇ. ಆದರೆ ಎಲ್ಲೆಕಲ್ಲನ್ನು ಕೀಳುವವನು ಮೊದಲು ಅಳತೆಯನ್ನು ತಿಳಿದಿರಬೇಕಷ್ಟೆ.

ಮೊದಲಿಗೆ ಡಿಸ್ಕಿನ ರಚನೆಯನ್ನು ನೋಡುವ. ನವಿ ಮುಂಬಯಿಯಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೆ ಸೆಕ್ಟರ್ ಎಂಬ ಮಾತು ಹೊಸತಲ್ಲ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಆ ನಗರವನ್ನು ವಾಶಿ, ನೆರೂಳ್, ಬೇಲಾಪುರ ಮೊದಲಾದ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗವನ್ನೂ ಸೆಕ್ಟರುಗಳಾಗಿ ಒಡೆಯಿತು. ಡಿಸ್ಕೂ ಸೆಕ್ಟರುಗಳಾಗಿಯೇ ಒಡೆದಿರುತ್ತದೆ. ಒಂದು ಸೆಕ್ಟರೆಂದರೆ ಸಾಮಾನ್ಯವಾಗಿ 512 ಬೈಟುಗಳು. ಕೆಲವು ಹೊಸ ಡಿಸ್ಕುಗಳಲ್ಲಿ 4096. ಅಂಗಡಿಯಲ್ಲಿ 500 ಗಿಗಾಬೈಟೆಂದು ಮಾರುವ ಸಾಮಾನ್ಯ ಡಿಸ್ಕಿನಲ್ಲಿ 97,67,73,168 ಸೆಕ್ಟರುಗಳಿರುತ್ತವೆ. ಇವನ್ನು ಸೊನ್ನೆಯಿಂದ ಮೊದಲ್ಗೊಂಡು ಎಣಿಸುತ್ತಾರೆ.

ಈಗ ಒಂದು ಸೂಕ್ಷ್ಮವನ್ನು ಗಮನಿಸಿರಿ. ವಾಶಿಯಲ್ಲಿಯೂ ಸೆಕ್ಟರ್ 10 ಇದೆ, ನೆರೂಳಿನಲ್ಲಿಯೂ ಸೆಕ್ಟರ್ 10 ಇದೆ. ಬರಿಯ ಸಂಖ್ಯೆಯನ್ನು ಹೇಳಿದರೆ ರಿಕ್ಷಾದವನು ಕದಲಲಾರ. ಯಾವ ಭಾಗದ್ದೆಂದು ಹೇಳಬೇಕು. ಡಿಸ್ಕಿನ ಪಾಲುಗಳಲ್ಲಿಯೂ ಹಾಗೆಯೇ. ಪಾಲಿನೊಳಗಿನ ಕಡತಗಳ ವಿಳಾಸವನ್ನು ಡಿಸ್ಕಿನ ಆರಂಭದಿಂದ ಎಣಿಸುವುದಿಲ್ಲ, ಆ ಪಾಲಿನ ಆರಂಭದಿಂದ ಎಣಿಸುತ್ತಾರೆ. ಆದಕಾರಣ ಪಾಲು ಎಲ್ಲಿ ಆರಂಭವಾಗುತ್ತದೆ ಎಂಬ ಒಂದೇ ಒಂದು ಸಂಖ್ಯೆ ತಪ್ಪಿದರೆ ಸಾಕು, ಒಳಗಿನ ಲಕ್ಷ ಕಡತಗಳು ಇದ್ದಲ್ಲಿಯೇ ಇದ್ದರೂ ಒಂದೂ ಕೈಗೆ ಸಿಗದು. ಇಷ್ಟನ್ನು ಮನದಟ್ಟು ಮಾಡಿಕೊಂಡವನಿಗೆ ಮುಂದಿನ ವಿಷಯವೆಲ್ಲ ಸುಲಭ.

ಆ ಸಂಖ್ಯೆಯನ್ನು ಬರೆದಿಟ್ಟಿರುವ ಪಟ್ಟಿಯೇ ಪಾರ್ಟಿಶನ್ ಪಟ್ಟಿ. ಇದರಲ್ಲಿ ಎರಡು ಬಗೆ. ಹಳೆಯದಕ್ಕೆ ಎಂ.ಬಿ.ಆರ್. ಎನ್ನುವರು, 1983ರಲ್ಲಿ ಐ.ಬಿ.ಎಂ. ಗಣಕಗಳ ಡಾಸ್ ಎರಡನೆಯ ಆವೃತ್ತಿಯೊಡನೆ ಬಳಕೆಗೆ ಬಂದಿತು. ಡಿಸ್ಕಿನ ಸೊನ್ನೆಯ ಸೆಕ್ಟರೊಂದೇ ಅದರ ಸ್ಥಳ. ಅಲ್ಲಿರುವ 512 ಬೈಟುಗಳಲ್ಲಿ ಮೊದಲ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಸಣ್ಣ ಕ್ರಮವಿಧಿಗೆ ಮೀಸಲು. ಅನಂತರದ 64 ಬೈಟುಗಳಲ್ಲಿ ಒಂದೊಂದಕ್ಕೆ 16ರಂತೆ ನಾಲ್ಕು ಪಾಲುಗಳ ವಿವರ. ಕಡೆಯ ಎರಡು ಬೈಟುಗಳಲ್ಲಿ 85 ಮತ್ತು 170 ಎಂಬ ಸಂಖ್ಯೆಗಳು ಮುದ್ರೆಯ ಹಾಗೆ ಇರುತ್ತವೆ. ಮುದ್ರೆ ಇಲ್ಲದಿದ್ದರೆ ಯಂತ್ರವು ಅದನ್ನು ಒಪ್ಪುವುದಿಲ್ಲ. ಐವತ್ತು ಸಾವಿರ ಕೋಟಿ ಬೈಟುಗಳ ಆಸ್ತಿಗೆ ಅರವತ್ತನಾಲ್ಕು ಬೈಟುಗಳ ದಾಖಲೆ! ಅದಕ್ಕೆ ನಕಲೂ ಇಲ್ಲ. ಹೊಸ ಬಗೆಗೆ ಜಿ.ಪಿ.ಟಿ. ಎಂದು ಹೆಸರು. ಇದರಲ್ಲಿ ಸಾಧಾರಣವಾಗಿ 128 ಪಾಲುಗಳಿಗೆ ಎಡೆಯುಂಟು. ಮೇಲಾಗಿ ಪಟ್ಟಿಯ ಒಂದು ಪ್ರತಿ ಡಿಸ್ಕಿನ ಮೊದಲಲ್ಲಿಯೂ ಇನ್ನೊಂದು ಪ್ರತಿ ಕಟ್ಟಕಡೆಯಲ್ಲಿಯೂ ಇರುತ್ತದೆ. ಇದನ್ನು ರೂಪಿಸಿದವರು ಹಳೆಯ ಪದ್ಧತಿಯಿಂದ ಪಾಠ ಕಲಿತಿದ್ದರೆಂಬುದು ಸ್ಪಷ್ಟ.

ಪಾಲನ್ನು ಕುಗ್ಗಿಸುವುದೆಂದರೆ ಬರಿಯ ಪಟ್ಟಿಯನ್ನು ತಿದ್ದುವುದಲ್ಲ. ಬಲಗಡೆಯಿಂದ, ಅಂದರೆ ಕೊನೆಯಿಂದ ಕುಗ್ಗಿಸಿದರೆ ಕೊನೆಯಲ್ಲಿದ್ದ ಕೆಲವು ಕಡತಗಳನ್ನು ಒಳಕ್ಕೆ ಸರಿಸಿ, ಆಮೇಲೆ ಎಲ್ಲೆಯನ್ನು ಒಳಗೆ ನೆಟ್ಟರಾಯಿತು. ಆರಂಭ ಕದಲುವುದಿಲ್ಲ, ಆದುದರಿಂದ ಅಪಾಯ ಕಡಿಮೆ. ಎಡಗಡೆಯಿಂದ ಕುಗ್ಗಿಸುವುದು ಬೇರೆಯೇ ಕೆಲಸ. ಆರಂಭವು ಮುಂದೆ ಸರಿದಾಗ, ವಿಳಾಸಗಳೆಲ್ಲ ಆರಂಭದಿಂದ ಎಣಿಸಿದವುಗಳಾದ ಕಾರಣ, ಒಳಗಿನದನ್ನೆಲ್ಲ ಇಡಿಯಾಗಿ ಅಷ್ಟೇ ದೂರ ಮುಂದಕ್ಕೆ ಹೊತ್ತು ಹಾಕಬೇಕು. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ನಮ್ಮ ಮನೆಗಳಲ್ಲಿ ಆಗಾಗ ಬೇಕಾಗುವುದು ದುರದೃಷ್ಟವಶಾತ್ ಇದೇ ಕೆಲಸ. ಸಿ ಎಂಬ ಪಾಲು ತುಂಬಿರುತ್ತದೆ, ಅದರ ಬಲಕ್ಕಿರುವ ಡಿ ಖಾಲಿಯಿರುತ್ತದೆ. ಡಿಯಿಂದ ಐವತ್ತು ಗಿಗಾಬೈಟು ತೆಗೆದು ಸಿಗೆ ಕೊಡಬೇಕೆಂದರೆ ಡಿಯ ಆರಂಭವನ್ನೇ ಸರಿಸಬೇಕು. ವಿಂಡೋಸಿನ ಸ್ವಂತ ಸಾಧನವು ಇದನ್ನು ಮಾಡಿಕೊಡುವುದಿಲ್ಲ. ಆಗ ಜನರು ಹೊರಗಿನ ಸಾಧನಗಳನ್ನು ತರುತ್ತಾರೆ. ಜಿಪಾರ್ಟೆಡ್ ಎಂಬ ಉಚಿತ ಸಾಧನವಂತೂ ಪಾಲನ್ನು ಸರಿಸುವ ಮೊದಲು ‘ಇದರಿಂದ ವ್ಯವಸ್ಥೆಯು ಏಳದೆ ಹೋಗಬಹುದು’ ಎಂದು ತಾನಾಗಿಯೇ ಎಚ್ಚರಿಸುತ್ತದೆ. ಓದದೆ ಸರಿ ಎಂದು ಒತ್ತುವವರೇ ಹೆಚ್ಚು.

ಯಂತ್ರವು ಏಳುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ವಿದ್ಯುತ್ತು ಬಂದೊಡನೆ ಮೂಲಫಲಕದಲ್ಲಿರುವ ಕ್ರಮವಿಧಿ ಎಚ್ಚತ್ತು, ಡಿಸ್ಕಿನಲ್ಲಿ ಒಂದು ಗೊತ್ತಾದ ಸ್ಥಳವನ್ನು ನೋಡುತ್ತದೆ. ಹಳೆಯ ಬಯಾಸ್ ಆದರೆ ಸೊನ್ನೆಯ ಸೆಕ್ಟರನ್ನು, ಹೊಸ ಯು.ಇ.ಎಫ್.ಐ. ಆದರೆ ಅದಕ್ಕಾಗಿಯೇ ಇಟ್ಟಿರುವ, ಸಾಮಾನ್ಯವಾಗಿ ನೂರು ಅಥವಾ ಅದಕ್ಕಿಂತ ತುಸು ಹೆಚ್ಚು ಮೆಗಾಬೈಟಿನ ಒಂದು ಚಿಕ್ಕ ಪಾಲನ್ನು. ಅಲ್ಲಿರುವ ಎಬ್ಬಿಸುವ ಸಾಧನವು ತನ್ನ ಟಿಪ್ಪಣಿಯನ್ನು ನೋಡಿ ‘ವ್ಯವಸ್ಥೆಯು ಇಂಥ ಪಾಲಿನಲ್ಲಿದೆ’ ಎಂದು ತಿಳಿದು ಅಲ್ಲಿಗೆ ಕೈದಾಟಿಸುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಈ ಸರಪಳಿಯಲ್ಲಿ ಒಂದು ಕೊಂಡಿ ಹಳೆಯ ವಿಳಾಸವನ್ನೇ ಹಿಡಿದುಕೊಂಡಿದ್ದರೆ ಕೆಲಸ ಅಲ್ಲಿಗೆ ನಿಂತಿತು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಡೊಂಬಿವಲಿ ಪೂರ್ವದ ಒಂದು ಮನೆ. ಯಂತ್ರದಲ್ಲಿ ಹತ್ತು ವರ್ಷಗಳ ಭಾವಚಿತ್ರಗಳು, ತಂದೆಯ ಲೆಕ್ಕಪತ್ರಗಳು. ಅವಲ್ಲದೆ ಅಜ್ಜಿ ಹಾಡಿ ಹೇಳಿದ್ದನ್ನು ಸೊಸೆಯು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ನಲವತ್ತು ಹಾಡುಗಳು. ಅಜ್ಜಿ ಈಗಿಲ್ಲ. ಮಗನು ಪಾಲುಗಳ ಚಿತ್ರವನ್ನು ತೆರೆದು ನೋಡುವಾಗ ಹೆಸರಿಲ್ಲದ, ಅಕ್ಷರವಿಲ್ಲದ, ನೂರು ಮೆಗಾಬೈಟಿನ ಪಾಲೊಂದು ಕಣ್ಣಿಗೆ ಬೀಳುತ್ತದೆ. ಯಾರಿಗೂ ಬೇಡದ್ದೆಂದು ಭಾವಿಸಿ ಅದನ್ನು ಅಳಿಸುತ್ತಾನೆ. ಮುಂದೆ ಡಿಯನ್ನು ಸರಿಸತೊಡಗುತ್ತಾನೆ. ಮಳೆಗಾಲ, ನಡುವೆ ವಿದ್ಯುತ್ತು ಹೋಗುತ್ತದೆ. ಮರಳಿ ಬಂದಾಗ ಯಂತ್ರ ಏಳುವುದಿಲ್ಲ. ಇಲ್ಲಿ ಎರಡು ಪೆಟ್ಟುಗಳು ಬಿದ್ದಿವೆ, ಅವೆರಡರ ಸ್ವಭಾವವೂ ಬೇರೆ. ಎಬ್ಬಿಸುವ ಪಾಲು ಹೋಗಿರುವುದು ನೋಡಲು ಭಯಂಕರ, ಆದರೆ ಹೊಸತಾಗಿ ಮಾಡಿಕೊಳ್ಳಬಹುದಾದದ್ದು. ಡಿ ಅರ್ಧ ಸರಿದಿರುವುದು ಮೇಲುನೋಟಕ್ಕೆ ತೋರದಿದ್ದರೂ ನಿಜವಾದ ಗಾಯ ಅದೇ.

ಇಂಥಲ್ಲಿ ಮೊದಲು ಮಾಡತಕ್ಕದ್ದು ಏನನ್ನೂ ಮಾಡದಿರುವುದು. ತೆರೆಯ ಮೇಲೆ ಬಂದ ವಾಕ್ಯವನ್ನು ಅಕ್ಷರ ಬಿಡದೆ ಕಾಗದದಲ್ಲಿ ಬರೆದುಕೊಂಡು ಯಂತ್ರವನ್ನು ಆರಿಸಬೇಕು. ಡಿಸ್ಕಿಗೆ ಹೊಸತೊಂದು ಬೈಟನ್ನೂ ಬರೆಯಗೊಡಬಾರದು. ಬರೆದ ಹೊಸ ಬೈಟು ಬೀಳುವುದು ಹಳೆಯದರ ಮೇಲೆಯೇ. ಬೀದಿಯ ತುದಿಯ ಅಂಗಡಿಗೆ ಒಯ್ದರೆ ‘ಫಾರ್ಮ್ಯಾಟ್ ಮಾರ್ನಾ ಪಡೇಗಾ’ ಎಂಬ ಉತ್ತರ ಕೂಡಲೇ ದೊರೆಯುವುದು ಸಾಮಾನ್ಯ. ಅಂಗಡಿಯವನಿಗೆ ಅದು ಅರ್ಧ ಗಂಟೆಯ ಕೆಲಸ, ನಲವತ್ತು ಹಾಡುಗಳ ಚಿಂತೆ ಅವನದಲ್ಲ. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕಾದರೆ ಇನ್ನೂ ಎಚ್ಚರ ಬೇಕು: ವಿಂಡೋಸಿನಲ್ಲಿ ತ್ವರಿತ ಫಾರ್ಮ್ಯಾಟ್ ಮಾಡಿದರೂ ಟ್ರಿಮ್ ಎಂಬ ಆಜ್ಞೆ ಹೋಗಿ, ಡಿಸ್ಕು ತಾನಾಗಿಯೇ ಆ ಜಾಗವನ್ನು ಒರೆಸಿಬಿಡುತ್ತದೆ, ಆಮೇಲೆ ಯಾವ ಸಾಧನಕ್ಕೂ ಅದು ದಕ್ಕದು.

ತರುವಾಯ ಮತ್ತೊಂದು ಯಂತ್ರದಲ್ಲಿ, ಶಾಲೆಯದೋ ನೆರೆಮನೆಯದೋ, 8 ಗಿಗಾಬೈಟಿನ ಪೆನ್‌ಡ್ರೈವಿನ ಮೇಲೆ ಲಿನಕ್ಸಿನ ಲೈವ್ ಪ್ರತಿಯನ್ನು ಸಿದ್ಧಪಡಿಸತಕ್ಕದ್ದು. ಇದು ಡಿಸ್ಕಿಗೆ ಇಳಿಯದೆ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದು ನೆನಪಿರಲಿ. ಕೆಟ್ಟ ಯಂತ್ರವನ್ನು ಅದರಿಂದ ಎಬ್ಬಿಸಿ ನೋಡಿದಾಗ ಮೊದಲ ಪ್ರಶ್ನೆ: ಡಿಸ್ಕು ಕಾಣುತ್ತದೆಯೆ? ಬಯಾಸಿನ ಪಟ್ಟಿಯಲ್ಲಿಯೇ ಅದರ ಹೆಸರಿಲ್ಲದಿದ್ದರೆ, ಅಥವಾ ಒಳಗಿಂದ ಟಕಟಕ ಶಬ್ದ ಬರುತ್ತಿದ್ದರೆ ಅದು ಪಾಲಿನ ದೋಷವಲ್ಲ, ತಂತಿಯದೋ ಡಿಸ್ಕಿನದೋ. ಅಲ್ಲಿಗೆ ಕೈತೆಗೆಯುವುದು ಲೇಸು. ಎರಡನೆಯ ಪ್ರಶ್ನೆ: ಪಾಲುಗಳು ಕಾಣುತ್ತವೆಯೆ, ಒಳಗೆ ಕಡತಗಳಿವೆಯೆ? ಇದ್ದರೆ ಇನ್ನಾವ ದುರಸ್ತಿಗೂ ಮೊದಲು ಅವನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಯಂತ್ರ ಏಳುವುದು ಒಂದು ದಿನ ತಡವಾದರೆ ಏನೂ ಕೆಡುವುದಿಲ್ಲ.

ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಹಾಕಿರುವುದುಂಟು. ಆಗ ಪಾಲು ಕಂಡರೂ ಒಳಗಿನದು ಗೂಢಲಿಪಿಯಾಗಿರುತ್ತದೆ. ಅದನ್ನು ತೆರೆಯಲು 48 ಅಂಕಿಗಳ ಕೀಲಿ ಬೇಕು. ಸಾಧಾರಣವಾಗಿ ಯಂತ್ರದ ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರುತ್ತದೆ. ಕೀಲಿಯಿಲ್ಲದೆ ಮುಂದಿನ ಯಾವ ಉಪಾಯವೂ ನಡೆಯದು.

ಪಾಲುಗಳೆಲ್ಲ ನೆಟ್ಟಗಿದ್ದು ಎಬ್ಬಿಸುವ ಕೊಂಡಿ ಮಾತ್ರ ಕಳಚಿದ್ದರೆ ಕೆಲಸ ಸುಲಭ. ವಿಂಡೋಸ್ ಇಳಿಸುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ‘ಇಳಿಸು’ ಎಂಬುದನ್ನು ಒತ್ತದೆ ‘ದುರಸ್ತಿ’ ಎಂಬುದನ್ನು ಆರಿಸಿದರೆ ಸ್ಟಾರ್ಟಪ್ ರಿಪೇರ್ ಎಂಬ ಸಾಧನ ಸಿಗುತ್ತದೆ. ಎಷ್ಟೋ ವೇಳೆ ಅದೊಂದೇ ಸಾಕು. ಚಿಕ್ಕ ಪಾಲು ಅಳಿದೇ ಹೋಗಿದ್ದರೆ ಅದೇ ಖಾಲಿ ಜಾಗದಲ್ಲಿ ಡಿಸ್ಕ್‌ಪಾರ್ಟ್ ಎಂಬ ಆಜ್ಞೆಯಿಂದ ಹೊಸ ಇ.ಎಫ್.ಐ. ಪಾಲನ್ನು ಮಾಡಿ, ಅದನ್ನು ಮಾತ್ರ ಫ್ಯಾಟ್ 32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ, ಅದಕ್ಕೊಂದು ಅಕ್ಷರ ಕೊಟ್ಟು, ಬಿಸಿಡಿಬೂಟ್ ಎಂಬ ಆಜ್ಞೆಗೆ ವಿಂಡೋಸ್ ಇರುವ ಸ್ಥಳವನ್ನು ತೋರಿಸಿದರೆ, ಬೇಕಾದ ಕಡತಗಳನ್ನು ಅದು ಹೊಸತಾಗಿ ಬರೆದುಕೊಡುತ್ತದೆ. ಒಂದು ಜಾಗ್ರತೆ: ದುರಸ್ತಿಯ ತೆರೆಯಲ್ಲಿ ಪಾಲುಗಳ ಅಕ್ಷರಗಳು ಅದಲುಬದಲಾಗುವುದುಂಟು. ಎಂದಿನ ಸಿ ಅಲ್ಲಿ ಡಿ ಆಗಿ ಕಾಣಬಹುದು. ಒಳಗಿನ ಕಡತಗಳನ್ನು ನೋಡಿ ಖಚಿತಪಡಿಸಿಕೊಳ್ಳದೆ ಅಕ್ಷರವನ್ನು ನಂಬಲಾಗದು. ಹಳೆಯ ಎಂ.ಬಿ.ಆರ್. ಡಿಸ್ಕಾದರೆ ಬೂಟ್‌ರೆಕ್ ಎಂಬ ಆಜ್ಞೆ ಸೊನ್ನೆಯ ಸೆಕ್ಟರಿನ ಕ್ರಮವಿಧಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ, 64 ಬೈಟುಗಳ ಪಟ್ಟಿಯನ್ನು ಮುಟ್ಟುವುದಿಲ್ಲ.

ಲಿನಕ್ಸೂ ವಿಂಡೋಸೂ ಒಟ್ಟಿಗಿರುವ ಯಂತ್ರದಲ್ಲಿ ಗ್ರಬ್ ಎಂಬ ಸಾಧನವಿರುತ್ತದೆ. ಇದು ನಮ್ಮ ಕಲ್ಯಾಣ ಜಂಕ್ಷನ್ನಿನ ಹಾಗೆ. 1854ರಲ್ಲಿ ಠಾಣೆಯಿಂದ ಕಲ್ಯಾಣಕ್ಕೆ ಮುಟ್ಟಿದ ಹಳಿ ಮುಂದೆ ಕಸಾರೆಯ ಕಡೆಗೊಂದು, ಕರ್ಜತಿನ ಕಡೆಗೊಂದು ಕವಲೊಡೆಯಿತು. ಬಂದ ಗಾಡಿಯನ್ನು ಯಾವ ಕವಲಿಗೆ ಬಿಡಬೇಕೆಂಬುದು ಜಂಕ್ಷನ್ನಿನಲ್ಲಿ ತೀರ್ಮಾನವಾಗಬೇಕು. ಗ್ರಬ್ಬಿನ ಒಂದು ತುಣುಕು ಡಿಸ್ಕಿನ ಮೊದಲಲ್ಲಿದ್ದು, ಉಳಿದ ಭಾಗವೆಲ್ಲ ಲಿನಕ್ಸಿನ ಪಾಲಿನೊಳಗೆ ಇರುತ್ತದೆ. ಲಿನಕ್ಸ್ ಬೇಡವೆಂದು ಆ ಪಾಲನ್ನು ಅಳಿಸಿ ವಿಂಡೋಸಿಗೆ ಜಾಗ ಕೊಟ್ಟವರ ಯಂತ್ರವು ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದಗಳನ್ನು ತೋರಿಸಿ ನಿಲ್ಲುವುದು ಇದರಿಂದಲೇ. ವಿಂಡೋಸಿಗೆ ಇಲ್ಲಿ ಕೂದಲೂ ಕೊಂಕಿರುವುದಿಲ್ಲ. ಹೊಸ ಯಂತ್ರವಾದರೆ ಯು.ಇ.ಎಫ್.ಐ. ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತಂದರಾಯಿತು. ಹಳೆಯದಾದರೆ ಬೂಟ್‌ರೆಕ್.

ಹಾಗಲ್ಲದೆ ಲಿನಕ್ಸ್ ಪಾಲು ಇದ್ದೂ ಅದರ ಸಂಖ್ಯೆ ಬದಲಾಗಿದ್ದರೆ, ಉದಾಹರಣೆಗೆ ನಡುವಿನ ಐದನೆಯ ಪಾಲನ್ನು ಅಳಿಸಿದ್ದರಿಂದ ಆರನೆಯದು ಐದನೆಯದಾಗಿದ್ದರೆ, ಅದೇ ಕಪ್ಪು ತೆರೆಯಲ್ಲಿಯೇ ಪರಿಹಾರ ಉಂಟು. ‘ಎಲ್‌ಎಸ್’ ಎಂಬ ಎರಡಕ್ಷರ ಬರೆದರೆ ಗ್ರಬ್ ತನಗೆ ಕಾಣುವ ಪಾಲುಗಳನ್ನು ಹೇಳುತ್ತದೆ. ಒಂದೊಂದನ್ನೇ ಇಣುಕಿ ನೋಡಿ, ಬೂಟ್ ಎಂಬ ಕೋಶವಿರುವ ಪಾಲನ್ನು ಕಂಡುಹಿಡಿದು, ಅದನ್ನೇ ‘ರೂಟ್’ ಎಂದೂ ಅದರೊಳಗಿನ ಗ್ರಬ್ ಕೋಶವನ್ನು ‘ಪ್ರಿಫಿಕ್ಸ್’ ಎಂದೂ ಗೊತ್ತುಪಡಿಸಿ, ‘ನಾರ್ಮಲ್’ ಎಂಬ ಭಾಗವನ್ನು ಕರೆದರೆ ಪರಿಚಿತ ಪಟ್ಟಿ ಮೂಡುತ್ತದೆ. ಲಿನಕ್ಸ್ ಎದ್ದ ಮೇಲೆ ಗ್ರಬ್ಬನ್ನು ಮರಳಿ ಸ್ಥಾಪಿಸಿದರೆ ಮಾತ್ರ ಇದು ಸ್ಥಿರವಾಗುವುದು. ಇಲ್ಲವಾದರೆ ಮರುದಿನ ಮತ್ತೆ ಅದೇ ತೆರೆ.

ಪಟ್ಟಿಯೇ ಹಾಳಾಗಿ ಡಿಸ್ಕೆಲ್ಲ ಖಾಲಿಯೆಂದು ತೋರಿದಾಗ ಟೆಸ್ಟ್‌ಡಿಸ್ಕ್ ಎಂಬುದನ್ನು ಆಶ್ರಯಿಸಬೇಕು. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದು ಉಚಿತವಾಗಿ ಕೊಟ್ಟಿರುವ ಸಾಧನವಿದು. ಇದರ ವಿಧಾನ ಬಹು ಸ್ವಾರಸ್ಯವಾದುದು. ಪಟ್ಟಿಯನ್ನು ನಂಬದೆ ಇದು ಹೊಲಕ್ಕೇ ಇಳಿದು ಎಲ್ಲೆಕಲ್ಲುಗಳನ್ನು ಹುಡುಕುತ್ತದೆ. ವಿಂಡೋಸ್ ಬಳಸುವ ಎನ್.ಟಿ.ಎಫ್.ಎಸ್. ಪಾಲಿನ ಮೊದಲ ಸೆಕ್ಟರಿನಲ್ಲಿ ನಾಲ್ಕನೆಯ ಬೈಟಿನಿಂದ ಆ ನಾಲ್ಕು ಅಕ್ಷರಗಳೇ ಬರೆದಿರುತ್ತವೆ. ಆ ಸೆಕ್ಟರಿನ ನಕಲೊಂದು ಪಾಲಿನ ಕಡೆಯ ಸೆಕ್ಟರಿನಲ್ಲಿಯೂ ಇರುತ್ತದೆ. ಪಾಲು ಎಷ್ಟು ಉದ್ದವೆಂಬುದೂ ಅಲ್ಲಿಯೇ ಉಂಟು. ಒಂದು ಕಲ್ಲು ಸಿಕ್ಕಿದರೆ ಇನ್ನೊಂದನ್ನು ಲೆಕ್ಕಹಾಕಬಹುದು. ಹೀಗೆ ದೊರೆತ ಪಾಲುಗಳ ಪಟ್ಟಿಯನ್ನು ಟೆಸ್ಟ್‌ಡಿಸ್ಕ್ ಮುಂದಿಡುತ್ತದೆ. ಹಿಂದೊಮ್ಮೆ ಇದ್ದು ಬದಲಾದ ಪಾಲುಗಳ ಕಲ್ಲುಗಳೂ ಡಿಸ್ಕಿನಲ್ಲಿ ಉಳಿದಿರುತ್ತವಾದ್ದರಿಂದ ಒಂದರ ಮೇಲೊಂದು ಬೀಳುವ ಎರಡು ಮೂರು ಪಾಲುಗಳು ಕಾಣಬಹುದು. ಯಾವುದು ನಿಜವೆಂದು ತಿಳಿಯಲು ಅದರೊಳಗಿನ ಕಡತಗಳನ್ನು ತೋರಿಸೆಂದು ಕೇಳಬೇಕು. ಪರಿಚಿತ ಹೆಸರುಗಳು ಸರಿಯಾಗಿ ಕಂಡರೆ ಅದೇ ನಿಜವಾದ ಎಲ್ಲೆ. ಇಷ್ಟರವರೆಗೆ ಡಿಸ್ಕಿಗೆ ಏನನ್ನೂ ಬರೆದಿರುವುದಿಲ್ಲ. ‘ಬರೆ’ ಎಂಬ ಆಜ್ಞೆಯನ್ನು ಕೊಡುವುದು ಎಲ್ಲಕ್ಕಿಂತ ಕಡೆಗೆ.

ನಮ್ಮ ನಿದರ್ಶನದ ಡಿ ಪಾಲಿಗೆ ಇದೂ ಸಾಲದು. ಅದರ ಒಂದು ಭಾಗ ಹೊಸ ಸ್ಥಳದಲ್ಲಿ, ಇನ್ನೊಂದು ಭಾಗ ಹಳೆಯ ಸ್ಥಳದಲ್ಲಿ ಇದೆ. ಯಾವ ಆರಂಭವನ್ನು ಬರೆದರೂ ಅರ್ಧಕ್ಕೆ ಮಾತ್ರ ಸರಿಹೊಂದುತ್ತದೆ. ಅಂತಹ ಕಡೆ ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಸೆಕ್ಟರಿಗೆ ಸೆಕ್ಟರಾಗಿ ಇನ್ನೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಫೋಟೊರೆಕ್ ಎಂಬುದನ್ನು ನಡೆಸತಕ್ಕದ್ದು. ಇದು ಟೆಸ್ಟ್‌ಡಿಸ್ಕಿನ ಜೊತೆಗೇ ದೊರೆಯುತ್ತದೆ. ಪಾಲು, ಕೋಶ, ಹೆಸರು ಒಂದನ್ನೂ ಲೆಕ್ಕಿಸದೆ ಇದು ಕಡತದ ಮುಖಲಕ್ಷಣದಿಂದ ಕಡತವನ್ನು ಗುರುತಿಸುತ್ತದೆ. ಜೆಪೆಗ್ ಭಾವಚಿತ್ರವು 255, 216, 255 ಎಂಬ ಬೈಟುಗಳಿಂದ ಮೊದಲಾಗುತ್ತದೆ, ಪಿ.ಡಿ.ಎಫ್. ಕಡತವು ಶೇಕಡಾ ಚಿಹ್ನೆಯಿಂದಲೂ ತನ್ನ ಹೆಸರಿನಿಂದಲೂ. ಹೀಗೆ ಹೆಕ್ಕಿದ ಕಡತಗಳ ಹೆಸರುಗಳು ಹೋಗಿರುತ್ತವೆ, ಬರಿಯ ಸಂಖ್ಯೆಗಳಿರುತ್ತವೆ. ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಬೇಸರದ ಕೆಲಸ, ಮನೆಮಂದಿ ಹಂಚಿಕೊಂಡು ಮಾಡತಕ್ಕದ್ದು.

ಈ ಘಟ್ಟದಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದುದೊಂದುಂಟು. ಅಜ್ಜಿಯ ಹಾಡುಗಳ ಕಡತವನ್ನು ಲೈವ್ ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಕಾಣದೆ ಇಂಗ್ಲಿಷ್ ಅಕ್ಷರಗಳೂ ತಲೆಬುಡವಿಲ್ಲದ ಚಿಹ್ನೆಗಳೂ ಸಾಲುಗಟ್ಟಿ ನಿಂತಿರುತ್ತವೆ. ಕಡತ ಕೆಟ್ಟಿದೆಯೆಂದು ಅಳಿಸಿಬಿಡುವುದು ಸಹಜ. ಆದರೆ ಕಡತಕ್ಕೆ ಏನೂ ಆಗಿಲ್ಲದಿರಬಹುದು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮವರ ಬಳಕೆಗೆ ಅದು ಬಂದದ್ದು ಎಷ್ಟೋ ತಡವಾಗಿ. ಅದುವರೆಗೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ವಿನ್ಯಾಸವಿಲ್ಲದ ಯಂತ್ರಕ್ಕೆ ಮನೆ ಕಾಣುತ್ತದೆಯೇ ಹೊರತು ಒಳಗಿರುವ ಕನ್ನಡ ಕಾಣುವುದಿಲ್ಲ. ಅದೇ ಅಕ್ಷರವಿನ್ಯಾಸವನ್ನು ಯಂತ್ರಕ್ಕೆ ಹಾಕಿ ತೆರೆದರೆ ಹಾಡುಗಳು ಮರಳಿ ಮೂಡುತ್ತವೆ. ಅನಂತರ ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಬೇರೆ ಮನೆಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿರುವ ನೆಂಟರಲ್ಲಿ ಇಡುವುದು ಮೇಲು. 2005ರ ಜುಲೈ 26ರ ಮಳೆಯಲ್ಲಿ ಕಲ್ಯಾಣದ ಕೆಳ ಅಂತಸ್ತಿನ ಮನೆಗಳಿಗೆ ನೀರು ನುಗ್ಗಿದಾಗ ಒಂದೇ ಕಪಾಟಿನಲ್ಲಿ ಇಟ್ಟಿದ್ದ ಮೂಲವೂ ಪ್ರತಿಯೂ ಒಟ್ಟಿಗೇ ನೆನೆಯುವಂತಿತ್ತು. ಪರಿವರ್ತಿಸಿದ ಪಠ್ಯವನ್ನು ಮೂಲದೊಡನೆ ಇಟ್ಟು ಓದುವಾಗ ಮೊದಲು ಪರೀಕ್ಷಿಸತಕ್ಕದ್ದು ಅರ್ಕಾವೊತ್ತುಗಳನ್ನು. ಹಳೆಯ ವಿನ್ಯಾಸಗಳಲ್ಲಿ ಅರ್ಕಾವೊತ್ತು ವ್ಯಂಜನದ ಆಕಾರದ ಹಿಂದೆ ಬರುತ್ತದೆ, ಯುನಿಕೋಡಿನಲ್ಲಿ ರಕಾರವು ಮುಂದೆ ಬರುತ್ತದೆ. ಸೂರ್ಯ, ಕಾರ್ತಿಕ, ವರ್ಷ ಎಂಬಂಥ ಮಾತುಗಳನ್ನು ಬೆರಳಿಟ್ಟು ಓದಬೇಕು.